ಮುರಿಗೆವ್ವನಿಗೆ ತೆಗೆಸಿಕೊಟ್ಟ ಟಿಕೆಟ್

ನಮ್ಮ ಓಣಿ ಮುಗಿಯುವಲ್ಲಿ ಒಂದು ಬಸ್ ತಂಗುದಾಣ ಇದೆ. ಶಿರಸಿಯಲ್ಲಿ ಇಂಥವು ಬೇಕಾದಷ್ಟಿವೆ, ನಿಮ್ಮೂರಿನಲ್ಲೂ ಇದ್ದೀತು. ಮೂರು ಗೋಡೆ, ಮೇಲೊಂದು ಶೀಟು, ಒಳಗೆ ಸಿಮೆಂಟಿನ ಕಟ್ಟೆ. 2003ರ ದೀಪಾವಳಿ ಕಳೆದ ಮೇಲೆ ಆ ಕಟ್ಟೆಯ ಮೇಲೆ ಒಬ್ಬ ಹೆಂಗಸು ಮಲಗತೊಡಗಿದಳು. ವಯಸ್ಸು ಅರವತ್ತರ ಆಸುಪಾಸು. ಒಂದು ಬಟ್ಟೆ ಗಂಟು, ಒಂದು ಚೊಂಬು, ಹಾಸಲು ಎರಡು ಗೋಣಿಚೀಲ. ಬೆಳಗಾದರೆ ಕಟ್ಟೆಯನ್ನು ತಾನೇ ಗುಡಿಸಿ, ಗಂಟು ಎತ್ತಿಕೊಂಡು ಮೂಲೆಗೆ ಸರಿದು ಕೂರುತ್ತಿದ್ದಳು. ಯಾರನ್ನೂ ಏನೂ ಕೇಳುತ್ತಿರಲಿಲ್ಲ.

ಕೈಚಾಚಿ ಬೇಡಿದ್ದರೆ ಒಂದು ರೂಪಾಯಿ ಹಾಕಿ ಮರೆತುಬಿಡುತ್ತಿದ್ದೆವೇನೋ. ಬೇಡದೆ ಸುಮ್ಮನೆ ಕೂತವಳನ್ನು ಕಂಡು ಇಡೀ ಓಣಿಗೆ ಇರುಸುಮುರುಸು ಶುರುವಾಯಿತು.

ನನ್ನ ಹೆಸರು ದೇವಕ್ಕ. ಹೊಲಿಗೆ ಮೆಷಿನ್ ಇಟ್ಟುಕೊಂಡವಳು, ಬಾಯಿ ಸ್ವಲ್ಪ ಜೋರು. ನಮ್ಮದೊಂದು ಮಹಿಳಾ ಸಂಘ ಇದೆ. ಹದಿನೈದು ಜನ ಸೇರಿ ಹಪ್ಪಳ ಮಾಡುತ್ತೇವೆ, ಅದಕ್ಕೇ ಒಂದು ಸಣ್ಣ ಕೋಣೆಯೂ ಇದೆ. ಆ ವಾರದ ಸಭೆಯಲ್ಲಿ ಹಪ್ಪಳದ ಮಾತು ಮುಗಿಯುವ ಮೊದಲೇ ಪರಿಮಳಾ ಈ ವಿಷಯ ತೆಗೆದಳು. ಪರಿಮಳಾ ನನ್ನ ಪಕ್ಕದ ಮನೆಯವಳು. ಗಂಡ ದಿನಕರ ಹೆಗಡೆ, ಅಡಿಕೆ ವ್ಯಾಪಾರದ ಒಂದು ವಖಾರಿಯಲ್ಲಿ ಗುಮಾಸ್ತ.

"ನಮ್ಮ ಮಗಳು ಸಮೃದ್ಧಿ ಕಾಲೇಜಿಗೆ ಹೋಗೋಕೆ ಅಲ್ಲೇ ನಿಲ್ಲಬೇಕು. ಈಗ ಮಕ್ಕಳೆಲ್ಲ ರಸ್ತೆ ಮೇಲೆ ನಿಲ್ತಾರೆ, ಒಳಗೆ ಹೋಗೋದೇ ಇಲ್ಲ. ಆ ಹೆಂಗಸಿಗೂ ಚಳಿ, ನಮಗೂ ತೊಂದರೆ" ಎಂದಳು.

"ಎಂತ ಮಾಡೋದು ಹಾಗಾದ್ರೆ?" ಎಂದೆ.

"ಯಲ್ಲಾಪುರದ ಕಡೆ ಒಂದು ಆಶ್ರಮ ಇದೆಯಂತೆ. ಇಂಥವರನ್ನ ನೋಡಿಕೊಳ್ತಾರಂತೆ."

ಯಾರು ಹೇಳಿದ್ದು? ಆಶ್ರಮದ ಹೆಸರೇನು? ಒಬ್ಬರೂ ಕೇಳಲಿಲ್ಲ. ಒಂದು ಸೀರೆ ತರುವುದಕ್ಕೆ ನಾಲ್ಕು ಅಂಗಡಿ ಹತ್ತಿ ಇಳಿಯುವ ನಾವು, ಒಬ್ಬ ಹೆಂಗಸನ್ನು ಎಲ್ಲಿಗೆ ಕಳಿಸುವುದು ಎಂಬುದನ್ನು ಐದು ನಿಮಿಷದಲ್ಲಿ ತೀರ್ಮಾನ ಮಾಡಿದೆವು.

ಸೋಮವಾರ ಬೆಳಿಗ್ಗೆ ಪರಿಮಳಾ ಟಿಕೆಟ್ ತೆಗೆಸಿ, ಕೈಹಿಡಿದು ಬಸ್ ಹತ್ತಿಸಿ, ಕಿಟಕಿ ಪಕ್ಕ ಕೂರಿಸಿದಳು. ನಾನು ಒಂದು ಹಳೆ ಸ್ವೆಟರ್, ನಾಲ್ಕು ಬಾಳೆಹಣ್ಣು ಕೊಟ್ಟೆ. ಆ ಹೆಂಗಸು ಸೆರಗಿನ ಗಂಟು ಹಿಡಿದುಕೊಂಡು, "ಅಕ್ಕಾರ, ಬುಧವಾರ ನಂದು ಇಲ್ಲೇ..." ಎಂದು ಏನೋ ಹೇಳಲು ಹೊರಟಳು.

"ಎಲ್ಲಾ ಅಲ್ಲೇ ನೋಡಿಕೊಳ್ತಾರೆ. ಇಳಿದು ಆಶ್ರಮ ಎಲ್ಲಿ ಅಂತ ಕೇಳಿ, ಹೇಳ್ತಾರೆ" ಎಂದು ಪರಿಮಳಾ ಅವಳ ಭುಜ ತಟ್ಟಿದಳು. ಬಸ್ ಹೊರಟಿತು. ದೊಡ್ಡ ಪುಣ್ಯದ ಕೆಲಸ ಮುಗಿಸಿದವರ ಹಾಗೆ ನಾವಿಬ್ಬರೂ ಮನೆಗೆ ಬಂದು ಚಹಾ ಕುಡಿದೆವು.

ಗುರುವಾರ ಮಧ್ಯಾಹ್ನ ಪ್ರತಿಭಾ ಸಿಸ್ಟರ್ ಬಂದರು. ನಮ್ಮ ಭಾಗದ ಆರೋಗ್ಯ ಸಹಾಯಕಿ. ಯಾವತ್ತೂ ನಗುತ್ತಾ ಬರುವವರು, ಅವತ್ತು ಮುಖ ಗಂಟು ಹಾಕಿಕೊಂಡೇ ಹಪ್ಪಳದ ಕೋಣೆಯ ಬಾಗಿಲಲ್ಲಿ ನಿಂತರು.

"ಮುರಿಗೆವ್ವನನ್ನ ಬಸ್ ಹತ್ತಿಸಿದ್ದು ಯಾರು?"

"ಯಾವ ಮುರಿಗೆವ್ವ?" ಎಂದಳು ಪರಿಮಳಾ.

"ನಿಮ್ಮ ತಂಗುದಾಣದಲ್ಲಿದ್ದವರು. ಮೂರು ವಾರ ಕಣ್ಣೆದುರಿಗೇ ಇದ್ದರಲ್ಲ, ಹೆಸರು ಕೇಳಲಿಲ್ವಾ ಒಬ್ಬರೂ?"

ನಾವು ಲಟ್ಟಣಿಗೆ ಕೆಳಗಿಟ್ಟೆವು.

ಸಿಸ್ಟರ್ ಹೇಳಿದ್ದು ಇಷ್ಟು. ಮುರಿಗೆವ್ವನಿಗೆ ಎರಡೂ ಕಣ್ಣಿಗೆ ಪೊರೆ. ಹೊತ್ತಿಗೆ ಡಾಕ್ಟರಿಗೆ ತೋರಿಸುವವರಿಲ್ಲದೆ ಬಲಗಣ್ಣು ಪೂರ್ತಿ ಹೋಗಿದೆ. ಎಡಗಣ್ಣಲ್ಲಿ ಬೆಳಕು, ನೆರಳು ಮಾತ್ರ ತಿಳಿಯುತ್ತದೆ. ಬೇಗ ಆಪರೇಷನ್ ಆದರೆ ಅದು ಉಳಿಯುತ್ತದೆ, ತಡವಾದರೆ ಅದೂ ಹೋಗುತ್ತದೆ. ಬುಧವಾರ ಶಿರಸಿಯಲ್ಲಿ ಉಚಿತ ಕಣ್ಣಿನ ಶಿಬಿರ ಇತ್ತು. ಸಿಸ್ಟರೇ ಹೆಸರು ಬರೆಸಿ, ಚೀಟಿ ಕೊಟ್ಟು, ಸೆರಗಿಗೆ ಕಟ್ಟಿಕೊಳ್ಳಿ ಎಂದಿದ್ದರು.

ಸೋಮವಾರ ಯಲ್ಲಾಪುರದಲ್ಲಿ ಇಳಿದವಳು ಕತ್ತಲಾಗುವವರೆಗೆ ಆಶ್ರಮ ಕೇಳಿದಳು. ಅಂಥದ್ದು ಯಾರಿಗೂ ಗೊತ್ತಿರಲಿಲ್ಲ. ಎರಡು ರಾತ್ರಿ ಅಲ್ಲಿನ ಬಸ್ ನಿಲ್ದಾಣದಲ್ಲಿ ಕಳೆದಳು. ಅಲ್ಲೂ ನಮ್ಮಂಥ ಒಳ್ಳೆಯವರು ಇದ್ದರು ನೋಡಿ! ಬುಧವಾರ ಬೆಳಿಗ್ಗೆ ಯಾರೋ, "ಸಿದ್ದಾಪುರದಲ್ಲಿ ವಯಸ್ಸಾದವರನ್ನ ಇಟ್ಟುಕೊಳ್ಳೋ ಮನೆ ಇದೆಯಂತೆ" ಎಂದು ಅವಳನ್ನು ಸಿದ್ದಾಪುರದ ಬಸ್ಸಿಗೆ ಹತ್ತಿಸಿದರು. ಆ ಬಸ್ ಬರುವುದು ಶಿರಸಿಯ ಮೇಲೇ. ಇಲ್ಲಿ ಹತ್ತು ನಿಮಿಷ ನಿಂತಿತು ಕೂಡ. ಶಿರಸಿ, ಶಿರಸಿ ಎಂದು ಕೂಗಿದ್ದು ಕೇಳಿ ಮುರಿಗೆವ್ವ ಇಳಿಯಲು ಎದ್ದಳು. ಪಕ್ಕದಲ್ಲಿದ್ದ ಪ್ರಯಾಣಿಕರೊಬ್ಬರು ಟಿಕೆಟ್ ನೋಡಿ, "ನಿಮ್ಮದು ಸಿದ್ದಾಪುರ ಅಜ್ಜಿ, ಇಲ್ಲಿ ಅಲ್ಲ" ಎಂದು ಪ್ರೀತಿಯಿಂದಲೇ ಕೈಹಿಡಿದು ಕೂರಿಸಿಬಿಟ್ಟರು. ಅದೇ ಹೊತ್ತಿಗೆ ಶಿಬಿರದಲ್ಲಿ ಸಿಸ್ಟರ್ ಅವಳ ಹೆಸರು ಕೂಗುತ್ತಿದ್ದರು.

ಸಿದ್ದಾಪುರದಲ್ಲಿ ಎಸ್‌ಟಿಡಿ ಬೂತಿನ ಗೋವಿಂದ ಎಂಬಾತ ಅವಳನ್ನು ಕಂಡ. ಅವನು ಟಿಕೆಟ್ ತೆಗೆಸಲಿಲ್ಲ. "ನಿಮಗೆ ಎಲ್ಲಿಗೆ ಹೋಗಬೇಕಿತ್ತು?" ಎಂದು ಕೇಳಿದ. ಅಷ್ಟೇ. ಅವಳು ಸೆರಗಿನ ಗಂಟು ಬಿಚ್ಚಿ ಚೀಟಿ ಕೊಟ್ಟಳು. ಅದರಲ್ಲಿದ್ದ ನಂಬರಿಗೆ ಅವನು ಫೋನ್ ಮಾಡಿದ. ರಾತ್ರಿ ತನ್ನ ಮನೆಯಲ್ಲೇ ಇರಿಸಿಕೊಂಡು, ಬೆಳಿಗ್ಗೆ ತಾನೇ ಜೊತೆಗೆ ಬಂದು ಸಿಸ್ಟರ್ ಕೈಗೆ ಒಪ್ಪಿಸಿ ಹೋದ.

"ಈಗ ಎಲ್ಲಿದಾರೆ?" ಎಂದೆ. ನನ್ನ ಜೋರು ಬಾಯಿ ಅವತ್ತು ಅಷ್ಟಕ್ಕೇ ಮುಗಿಯಿತು.

"ಆಸ್ಪತ್ರೆ ಜಗಲಿಯಲ್ಲಿ ಕೂರಿಸಿ ಬಂದಿದೀನಿ. ಶಿಬಿರ ಮುಗಿದುಹೋಯ್ತು, ಇನ್ನೊಂದು ಬರೋದು ಯಾವಾಗಲೋ. ಹುಬ್ಬಳ್ಳಿಯಲ್ಲಿ ಒಂದು ಆಸ್ಪತ್ರೆಯವರು ಸೋಮವಾರ ಪುಕ್ಕಟೆ ಆಪರೇಷನ್ ಮಾಡ್ತಾರೆ. ಆದರೆ ಅವರು ಕೇಳೋದು ಎರಡು. ಕಾಗದ ಕಳಿಸೋಕೆ ವಿಳಾಸ ಯಾವುದು? ಆಮೇಲೆ ಧೂಳು, ಹೊಗೆ ಇಲ್ಲದ ಕಡೆ ಒಂದೂವರೆ ತಿಂಗಳು ಇಟ್ಟುಕೊಂಡು ಹೊತ್ತು ಹೊತ್ತಿಗೆ ಔಷಧ ಬಿಡೋರು ಯಾರು? ತಂಗುದಾಣ ಅಂತ ಬರೆದರೆ ಆಪರೇಷನ್ ಮಾಡೋದಿಲ್ಲ. ತಪ್ಪು ಅವರದ್ದಲ್ಲ. ಧೂಳಲ್ಲಿ ಮಲಗಿದರೆ ಮಾಡಿದ ಕಣ್ಣು ಕೀವಾಗುತ್ತೆ" ಎಂದ ಸಿಸ್ಟರ್, ನಮ್ಮ ಹಪ್ಪಳದ ಕೋಣೆಯನ್ನು ಒಮ್ಮೆ ಸುತ್ತ ನೋಡಿದರು.

ಪರಿಮಳಾಗೆ ಅರ್ಥವಾಯಿತು. "ಇಲ್ಲಿಗಾ? ಸಿಸ್ಟರ್, ಪಾಪ ಅನ್ನಿಸ್ತದೆ, ಇಲ್ಲ ಅನ್ನೋದಿಲ್ಲ. ಆದ್ರೆ ಇವತ್ತು ಒಬ್ಬರನ್ನ ಬಿಟ್ಟುಕೊಂಡರೆ ನಾಳೆ ಬಸ್ ಸ್ಟ್ಯಾಂಡಿನಲ್ಲಿದ್ದವರೆಲ್ಲ ಬಂದು ಕೂರ್ತಾರೆ."

"ಎಷ್ಟು ಜನ ಇದಾರೆ ನಿಮ್ಮ ಓಣೀಲಿ, ಮನೆ ಇಲ್ಲದವರು?"

ಪರಿಮಳಾ ಲಟ್ಟಣಿಗೆ ಮತ್ತೆ ಕೈಗೆತ್ತಿಕೊಂಡಳು. ಸಿಸ್ಟರೇ ಉತ್ತರ ಹೇಳಿದರು.

"ಒಬ್ಬರು. ನೂರು ಜನ ಬಂದಾಗ ನೂರು ಜನರ ಮಾತಾಡೋಣ. ಈಗ ಒಬ್ಬರದ್ದು ಹೇಳಿ."

"ದುಡಿದು ತಿನ್ನೋಕೆ ಏನಾಗಿತ್ತು ಮತ್ತೆ..." ಎಂದು ಗೊಣಗಿ ಪರಿಮಳಾ ಎದ್ದು ಮನೆಗೆ ಹೋದಳು. ಸಿಸ್ಟರ್, ನಾಳೆ ಬೆಳಿಗ್ಗೆ ಉತ್ತರ ಕೊಡಿ ಎಂದು ಹೇಳಿ ಹೊರಟರು.

ಮುಂದಿನದ್ದನ್ನು ಪರಿಮಳಾನೇ ನನಗೆ ಆಮೇಲೆ ಹೇಳಿದ್ದು. ಸಂಜೆ ದಿನಕರ ಬಂದಾಗ ಹೀಗ್ಹೀಗೆ ಎಂದಳಂತೆ. ಹೆಸರು ಕೇಳಿದ್ದೇ ಅವರು ಕೈಯಲ್ಲಿದ್ದ ಲೋಟ ಇಟ್ಟು, ಮನೆಯ ಹವ್ಯಕ ಮಾತಿನಲ್ಲಿ ಕೇಳಿದರು.

"ಮುರಿಗೆವ್ವನ? ನಮ್ಮ ವಖಾರಿಲಿ ಅಡಿಕೆ ಆರಿಸ್ತಿತ್ತಲೇ, ಅದೇ ಮುರಿಗೆವ್ವನ? ಬನವಾಸಿ ಬದಿದು?"

"ಯಂಗೆಂತ ಗೊತ್ತು? ಆನು ಹೆಸರೇ ಕೇಳಿದ್ನಿಲ್ಲೆ."

"ಹದಿನೆಂಟು ವರ್ಷ ಅಲ್ಲೇ ಕೆಲಸ ಮಾಡಿದ್ದು. ಅದು ಆರಿಸಿದ ಚೀಲ ಯಾರೂ ಮತ್ತೆ ಬಿಚ್ಚಿ ನೋಡ್ತಿದ್ವಿಲ್ಲೆ. ಕಡೆ ಕಡೆಗೆ ಒಳ್ಳೆ ಚಾಲಿ ಅಡಿಕೆಲಿ ಹಾಳಾದ ಕಪ್ಪು ಕೋಕಾ ಸೇರಲೆ ಶುರುವಾತು. ಲಕ್ಷ್ಯ ಇಲ್ಲೆ ಹೇಳಿ ಮಾಲಕ ಕೆಲಸ ಬಿಡಿಸಿದ. ಕಣ್ಣು ಕಾಣ್ತಿಲ್ಲೆ ಹೇಳಿ ಯಾರಿಗೂ ಹೊಳದ್ದಿಲ್ಲೆ. ಆನೂ ಅಲ್ಲೇ ಕೂತಿದ್ದಿ" ಎಂದರು ದಿನಕರ.

ಕೆಲಸ ಹೋಯಿತು, ಅದರ ಹಿಂದೆ ಬಾಡಿಗೆ ಕೋಣೆ ಹೋಯಿತು. ಕೋಣೆ ಹೋದ ಮೇಲೆ ಬರುವುದು ಬಸ್ ತಂಗುದಾಣಕ್ಕೇ. ಮಳೆಗೆ ನೆನೆಯದ, ಯಾರೂ ಬಾಡಿಗೆ ಕೇಳದ ಜಾಗ ಊರಿನಲ್ಲಿ ಅದೊಂದೇ. ದುಡಿಯದವಳು ಎಂದುಕೊಂಡಿದ್ದ ಪರಿಮಳಾಗೆ ಆ ಸಂಜೆ ಊಟ ಸೇರಲಿಲ್ಲವಂತೆ.

ಬೆಳಿಗ್ಗೆ ನಾನು ಕದ ತೆಗೆಯುವಷ್ಟರಲ್ಲಿ ಅವಳು ಹಪ್ಪಳದ ಕೋಣೆ ತೊಳೆಯುತ್ತಿದ್ದಳು. "ನಿಂತು ನೋಡ್ತೀರಿ ಎಂತಕ್ಕೆ ದೇವಕ್ಕ? ಪೊರಕೆ ತಗೊಳ್ಳಿ" ಎಂದಳು. ಆಸ್ಪತ್ರೆಯ ಕಾಗದದಲ್ಲಿ ವಿಳಾಸದ ಜಾಗದಲ್ಲಿ ತನ್ನ ಮನೆಯ ವಿಳಾಸ ಬರೆದಳು. ಹಪ್ಪಳದ ಕೆಲಸ ನನ್ನ ಜಗಲಿಗೆ ಬಂತು. ಹೊಲಿಗೆ ಬಟ್ಟೆಗೆಲ್ಲ ಉದ್ದಿನ ಹಿಟ್ಟು ಎಂದು ನಾನು ಒಂದು ವಾರ ಕೂಗಾಡಿದೆ, ಆಮೇಲೆ ರೂಢಿಯಾಯಿತು.

ಸೋಮವಾರ ಸಿಸ್ಟರ್ ಜೊತೆ ನಾನೇ ಹುಬ್ಬಳ್ಳಿಗೆ ಹೋದೆ. ಆಪರೇಷನ್ ಚೆನ್ನಾಗಿ ಆಯಿತು. ದಿನಕ್ಕೆ ನಾಲ್ಕು ಸಲ ಔಷಧ ಬಿಡಬೇಕು, ಕಣ್ಣಿಗೆ ನೀರು ತಾಗಿಸಬಾರದು. ಸಂಘದ ಉಳಿದವರಿಗೆ ವಾರಕ್ಕೆ ಒಂದು ಪಾಳಿ. ಬೆಳಗಿನದ್ದೂ ಸಂಜೆಯದ್ದೂ ಪರಿಮಳಾ ಯಾರಿಗೂ ಬಿಟ್ಟುಕೊಡಲಿಲ್ಲ. ಸಮೃದ್ಧಿ ಕಾಲೇಜಿನಿಂದ ಬಂದು ಪೇಪರ್ ಓದಿ ಹೇಳುತ್ತಿದ್ದಳು. ಆದರೆ ಅವತ್ತು ಬಸ್ ಹತ್ತಿಸಿದ್ದು ಯಾರು ಎಂಬ ಮಾತು ಮಾತ್ರ ಆ ಕೋಣೆಯಲ್ಲಿ ಯಾರೂ ಎತ್ತಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಮಬ್ಬು ಹರಿದು ಕಣ್ಣು ತಿಳಿಯಾಯಿತು. ದಿನಕರ ವಖಾರಿಯಲ್ಲಿ ಮಾತಾಡಿ, ಅರ್ಧ ದಿನದ ಆರಿಸುವ ಕೆಲಸಕ್ಕೆ ಒಪ್ಪಿಸಿ ಬಂದರು. ಅದನ್ನು ಹೇಳಲು ಪರಿಮಳಾ ಕೋಣೆಗೆ ಬಂದಳು, ನಾನೂ ಇದ್ದೆ. ಕೆಲಸದ ಸುದ್ದಿ ಹೇಳಿದಳು. ಔಷಧದ ಬಾಟಲಿಯ ಮುಚ್ಚಳ ತೆಗೆದು, ಮತ್ತೆ ಹಾಕಿದಳು.

"ಮುರಿಗೆವ್ವ, ಅವತ್ತು ನಿಮಗೆ ಟಿಕೆಟ್ ತೆಗೆಸಿ ಬಸ್ ಹತ್ತಿಸಿದ್ದು ನಾನೇ. ಹೇಳೋಕೆ ಧೈರ್ಯ ಬರಲಿಲ್ಲ."

"ಗೊತ್ತೈತ್ರಿ ಅಕ್ಕಾರ. ಧ್ವನಿ ಮರೀತೀನೇನ್ರಿ?" ಎಂದಳು ಮುರಿಗೆವ್ವ. "ಮೊದಲ್ನೇ ದಿನ ಔಷಧ ಬಿಟ್ರಲ್ಲ, ಅವತ್ತ ಗೊತ್ತಾತು."

"ಸಿಟ್ಟು ಬರಲಿಲ್ವಾ?"

"ಭಾಳ ಬಂದಿತ್ರಿ, ಸುಳ್ಳು ಯಾಕ ಹೇಳ್ಲಿ. ಆದ್ರ ಸಿಟ್ಟು ಮಾಡ್ಕೊಂಡು ಎದ್ದು ಹೋಗಾಕ ಒಂದು ಮನಿ ಬೇಕಲ್ರಿ."

ಪರಿಮಳಾ ಅಲ್ಲೇ ಕುಸಿದು ಕೂತು ಅತ್ತಳು. ನಾನೂ ಅತ್ತೆ. ಮುರಿಗೆವ್ವ ಮಾತ್ರ ಅಳಲಿಲ್ಲ. ಕಣ್ಣಿಗೆ ನೀರು ತಾಗಿಸಬಾರದು ಎಂದು ಸಿಸ್ಟರ್ ಹೇಳಿದ್ದರಲ್ಲ.

ಅಕ್ಕಂದಿರೇ, ಇದನ್ನು ಓದುತ್ತಿರುವ ಅಣ್ಣಂದಿರೇ, ನಿಮ್ಮ ಊರಿನ ನಿಲ್ದಾಣದಲ್ಲಿ, ಸಂತೆ ಕಟ್ಟೆಯಲ್ಲಿ, ಅಂಗಡಿ ಮುಂಗಟ್ಟಿನಲ್ಲಿ ಯಾರಾದರೂ ಮಲಗಿದ್ದರೆ, ಓಡಿಸುವ ಮಾತೂ ಬೇಡ, ನಮ್ಮ ಹಾಗೆ ಉಪಕಾರ ಮಾಡಿ ಸಾಗಹಾಕುವುದೂ ಬೇಡ. ಇವತ್ತೇ ಹೋಗಿ ಹೆಸರು ಕೇಳಿ. ಏನು ಕೆಲಸ ಮಾಡುತ್ತಿದ್ದರು, ಮೈಯಲ್ಲಿ ಹುಷಾರಿದೆಯೇ, ಕಣ್ಣು ಕಾಣುತ್ತದೆಯೇ ಕೇಳಿ, ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ನಿಮ್ಮ ಆರೋಗ್ಯ ಸಹಾಯಕಿಗೆ ತಿಳಿಸಿ. ಆಶ್ರಮಕ್ಕೇ ಕಳಿಸುವುದಾದರೆ ಅವರು ಒಪ್ಪಿದ ಮೇಲೆ, ಆಶ್ರಮ ಇರುವುದು ನಿಜವೇ ಎಂದು ಫೋನ್ ಮಾಡಿ, ನಿಮ್ಮಲ್ಲೊಬ್ಬರು ಜೊತೆಗೆ ಹೋಗಿ ಬಿಟ್ಟು ಬನ್ನಿ. ಪಿಂಚಣಿಗೋ ಆಸ್ಪತ್ರೆಗೋ ಒಂದು ವಿಳಾಸ ಬೇಕೆಂದರೆ ನಿಮ್ಮ ಮನೆಯದ್ದು ಬರೆಯಿರಿ. ವಿಳಾಸ ಕೊಟ್ಟ ಮಾತ್ರಕ್ಕೆ ಪರಿಮಳಾಳ ಮನೆ ಏನೂ ಸಣ್ಣದಾಗಲಿಲ್ಲ. ಬಲಗಣ್ಣು ಇನ್ನೂ ಚೆನ್ನಾಗಿದ್ದಾಗಲೇ ಯಾರಾದರೂ ಕೇಳಿದ್ದರೆ, ಮುರಿಗೆವ್ವ ಇವತ್ತು ಎರಡೂ ಕಣ್ಣಿನಿಂದ ನಮ್ಮನ್ನು ನೋಡುತ್ತಿದ್ದಳು.