ಕಾಲೆತ್ತಲು ಜಾಗ ಬಿಡುವ ವಸಂತ

ಉಪಕಾರ ಹೇಳದೆ ವಸಂತ ಬಸ್ಸಿಳಿದದ್ದನ್ನು ಮೂಡುಬಿದಿರೆ–ವೇಣೂರು ಮಾರ್ಗದಲ್ಲಿ ಕಂಡವರಿಲ್ಲ. ಕಂಡಕ್ಟರನಿಗೆ "ಉಪಕಾರ ಆಯ್ತು", ನೀರಿನ ಲೋಟ ತಂದಿಟ್ಟ ಹೋಟೆಲಿನವನಿಗೆ "ಉಪಕಾರ ಆಯ್ತು", ಅಂಗಡಿಯ ಮೆಟ್ಟಿಲಿನಿಂದೆದ್ದು ದಾರಿ ಬಿಟ್ಟ ನಾಯಿಗೂ ತಗ್ಗಿದ ದನಿಯಲ್ಲಿ ಅದೇ ಮಾತು. ಕಾರ್ಯಕ್ರಮ ಮುಗಿದು ಜೊತೆಯವರೆಲ್ಲ ವೇದಿಕೆಯ ಅಂಚಿನಲ್ಲಿ ಸಾಲಾಗಿ ನಿಂತು ಚಪ್ಪಾಳೆಗೆ ಕೈ ಮುಗಿಯುತ್ತಿರುವ ಹೊತ್ತಿಗೆ ಈ ಮಹಾಶಯ ಹಿಂಬದಿಯಲ್ಲಿ ಜನರೇಟರಿನವನನ್ನು ಹುಡುಕಿಕೊಂಡು ಹೋಗಿ ಅವನ ಎಣ್ಣೆಗೈಯನ್ನು ಹಿಡಿದು ಕುಲುಕುತ್ತಿರುತ್ತಾನೆ. ಇಷ್ಟೊಂದು ಕೃತಜ್ಞತೆಯನ್ನು ಒಬ್ಬನೇ ಹೊತ್ತು ತಿರುಗುವುದುಂಟೇ, ಇದರಲ್ಲಿ ನಟನೆಯ ಪಾಲೆಷ್ಟು ಎಂದು ಮೊದಲ ವರ್ಷ ವಿಸ್ಮಿತಾ ಅನುಮಾನಿಸಿದ್ದಳು. ಆರು ವರ್ಷ ಕಳೆದ ಮೇಲೆ ಆ ಅನುಮಾನಕ್ಕಾಗಿ ಅವಳಿಗೆ ನಾಚಿಕೆಯಾಗುತ್ತದೆ.

ಕಾಲೇಜಿನಲ್ಲಿ ಒಂದೇ ಬೆಂಚಿನ ಆಸುಪಾಸಿನಲ್ಲಿದ್ದ ನಾಲ್ವರು ಸೇರಿ ಕಟ್ಟಿದ ತಂಡ ಅದು. ಹೆಸರು 'ಕಟ್ಟಪುಣಿ', ಎಂದರೆ ಗದ್ದೆಯ ಬದು. ಊರಿನ ಹಳೆಯ ಹಾಡುಗಳನ್ನೂ ತಾವೇ ಬರೆದವನ್ನೂ ಗಿಟಾರು, ಡ್ರಮ್ಸುಗಳೊಂದಿಗೆ ಹಾಡುವುದು ಅವರ ಹುಚ್ಚು. ವಿಸ್ಮಿತಾ ಹಾಡುಗಾರ್ತಿ, ತೋಡಾರಿನ ನಿಝಾರ್ ಗಿಟಾರಿಗೆ, ಕಲ್ಲಡ್ಕದ ಗಣೇಶಪ್ರಸಾದ್ ಬೇಸ್ ಗಿಟಾರಿಗೆ, ಡ್ರಮ್ಸಿಗೆ ವಸಂತ. ಶನಿವಾರ ಮಧ್ಯಾಹ್ನವಾಯಿತೆಂದರೆ ನಿಝಾರನ ಇಲೆಕ್ಟ್ರಿಕಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾಲ್ವರೂ ಹಾಜರು. ವಸಂತ ವೇಣೂರಿನ ಕಡೆಯ ಶಾಲೆಯೊಂದರಲ್ಲಿ ಗಣಿತದ ಮಾಸ್ಟ್ರು. ತೋಳಿನ ಗುಂಡಿಯನ್ನೂ ಕತ್ತಿನ ಗುಂಡಿಯನ್ನೂ ಬಿಡದೆ ಹಾಕಿದ ಚೌಕಳಿ ಅಂಗಿಯಲ್ಲಿ ಪಾಠವನ್ನೂ ಮಾಡುತ್ತಾನೆ, ಡ್ರಮ್ಸನ್ನೂ ಬಾರಿಸುತ್ತಾನೆ. ತಂಡದ ಫೋಟೋಕ್ಕೆ ಎಲ್ಲರೂ ಕಪ್ಪು ಟೀ ಶರ್ಟ್ ಹಾಕಬೇಕೆಂದು ತೀರ್ಮಾನವಾದಾಗ ಅವನೂ ಹಾಕಿಕೊಂಡು ಬಂದ, ಚೌಕಳಿ ಅಂಗಿಯ ಒಳಗೆ. ನಡಿಗೆಯೂ ಒಂದು ವಿಚಿತ್ರ: ನೆಲ ಹಿಡಿದುಕೊಂಡಿದೆಯೇನೋ ಎಂಬಂತೆ ಹಿಮ್ಮಡಿಯನ್ನು ನಿಧಾನವಾಗಿ ಕಿತ್ತು, ಆಮೇಲೆ ಮುಂದಕ್ಕೆ ಇಡುವುದು. ಯಾವ ಪ್ರಶ್ನೆಗೂ ಹೌದು ಅಲ್ಲ ಎಂದವನಲ್ಲ. "ನೋಡುವ" ಎನ್ನುತ್ತಾನೆ. ತಂಡಕ್ಕೆ ಸೇರುತ್ತೀಯಾ ಎಂದು ಕೇಳಿದ ದಿನವೂ ಅವನು ಅಂದದ್ದು, "ನನಗೆ ಸರಿಯಾಗಿ ಬರುವುದಿಲ್ಲ. ಆದ್ರೂ ನೋಡುವ."

ಸರಿಯಾಗಿ ಬರುವುದಿಲ್ಲ ಎಂದದ್ದು ವಿನಯವಾಗಿರಲಿಲ್ಲ. ಪ್ರತಿ ಸಾಲಿನ ತುದಿಯಲ್ಲಿ ಅವನ ಕೈ ಎಳ್ಳಿನಷ್ಟು ತಡೆಯುತ್ತಿತ್ತು. ಉಳಿದವರು ಮುಂದೆ ಓಡಿ, ಇವನು ಬರಲಿಲ್ಲವೆಂದು ತಿಳಿದು ಗಕ್ಕನೆ ನಿಂತು, ಮತ್ತೆ ಕೂಡಿಕೊಂಡು ಹೋಗಬೇಕು. "ವಸಂತನಿಗೆ ಅಲ್ಲೊಂದು ಸ್ಟಾಪ್ ಉಂಟು ಮಾರಾಯ, ಯಾರೋ ಹತ್ತಲಿಕ್ಕಿದ್ದಾರೆ" ಎಂದು ನಿಝಾರ್ ಚುಡಾಯಿಸುವನು. ವಸಂತ ಎಲ್ಲರಿಗಿಂತ ಜೋರಾಗಿ ನಗುವನು, ಮುಂದಿನ ಸಾಲಿನ ತುದಿಯಲ್ಲಿ ಮತ್ತೆ ತಡೆಯುವನು.

ವೇದಿಕೆಯ ಗದ್ದಲದಲ್ಲಿ ಮುಚ್ಚಿಹೋಗುತ್ತಿದ್ದ ಈ ದೋಷ ಮಂಗಳೂರಿನ ರೆಕಾರ್ಡಿಂಗ್ ಕೋಣೆಯ ಮೌನದಲ್ಲಿ ಬಯಲಿಗೆ ಬಿತ್ತು. ತಂಡದ ಮೊದಲ ಆಲ್ಬಮ್, ಒಂಬತ್ತು ಹಾಡು. ಕಿವಿಗೆ ಟಕ್ ಟಕ್ ಎನ್ನುವ ಯಂತ್ರದ ತಾಳ ಕೊಟ್ಟು ಬಾರಿಸೆಂದರೆ ವಸಂತ ಎರಡು ದಿನ ಬೆವರು ಹರಿಸಿದ. ಯಂತ್ರ ಕಾಯಲಿಲ್ಲ, ಅವನ ಕೈ ಓಡಲಿಲ್ಲ. ಎರಡನೆಯ ದಿನ ರೆಕಾರ್ಡಿಂಗಿನವರು ವಿಸ್ಮಿತಾಳನ್ನು ಹೊರಗೆ ಕರೆದು ಡ್ರಮ್ಸಿನ ಭಾಗವನ್ನು ಕಂಪ್ಯೂಟರಿನಲ್ಲೇ ಮಾಡಿಬಿಡಬಹುದು, ಕೇಳುವವರಿಗೆ ಗೊತ್ತಾಗುವುದಿಲ್ಲ ಎಂದರು. ಅವಳು "ಆಗಬಹುದು" ಎಂದಳು. ಒಂದೇ ಒಂದು ಪದ. ಅದನ್ನು ಒತ್ತಾಯಿಸಿ ಹೇಳಿಸಿದವರು ಯಾರೂ ಇರಲಿಲ್ಲ.

ಸುದ್ದಿ ತಿಳಿಸಿದಾಗ ವಸಂತ ಕೋಲುಗಳನ್ನು ಬಟ್ಟೆಯ ಚೀಲಕ್ಕೆ ಹಾಕಿ, "ನಿಮ್ಮ ಎರಡು ದಿನ ಹಾಳು ಮಾಡಿದೆ. ಕಾದದ್ದಕ್ಕೆ ಉಪಕಾರ ಆಯ್ತು" ಎಂದ. ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮುಂದಿನ ಶನಿವಾರ ಅವನು ಬರಲಿಕ್ಕಿಲ್ಲವೆಂದು ಮೂವರೂ ಎಣಿಸಿದ್ದರು. ಹೋಗಿ ನೋಡಿದರೆ ಎಲ್ಲರಿಗಿಂತ ಮೊದಲೇ ಬಂದು ಕೋಣೆ ಗುಡಿಸಿ, ಗೋಜಲಾದ ವಯರುಗಳನ್ನು ಬಿಡಿಸಿ ಸುತ್ತುತ್ತ ಕುಳಿತಿದ್ದ. ಅದರ ಮರುವಾರವೂ ಬಂದ. ಡ್ರಮ್ಸಿನ ಹತ್ತಿರ ಮಾತ್ರ ಸುಳಿಯಲಿಲ್ಲ. ಜಗಳವಾಡಿದ್ದರೆ ರಾಜಿಯಾಗಬಹುದಿತ್ತು, ಚಹಾ ತಂದು ಕೈಗಿಡುವವನೊಡನೆ ರಾಜಿಯಾಗುವುದು ಹೇಗೆ? ತಂಡ ಉಳಿದರೂ ವಸಂತನನ್ನು ತಾನು ಕಳೆದುಕೊಂಡೆನೆಂದು ವಿಸ್ಮಿತಾಳಿಗೆ ಖಚಿತವಾಯಿತು.

ಒಂಬತ್ತು ಹಾಡುಗಳಲ್ಲಿ ಒಂದು ಭತ್ತದ ನಾಟಿಯ ಹಾಡು. ಅದನ್ನು ಅವಳಿಗೆ ಕಲಿಸಿದವರು ವೇಣೂರಿನ ಸೇಸಮ್ಮ, ಎಪ್ಪತ್ತೆಂಟು ಕಳೆದ, ಈಗಲೂ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸು. ಹೊರಗೆ ಬಿಡುವ ಮೊದಲು ತನಗೆ ಕೇಳಿಸಬೇಕೆಂದು ಅವರು ಮಾತು ತೆಗೆದುಕೊಂಡಿದ್ದರು. ಒಂದು ಭಾನುವಾರ ಬೆಳಿಗ್ಗೆ ವಿಸ್ಮಿತಾ ನಿಝಾರನನ್ನು ಕರೆದುಕೊಂಡು ಹೋಗಿ, ಯಂತ್ರದ ಡ್ರಮ್ಸಿದ್ದ ಹಾಡನ್ನು ಫೋನಿನಲ್ಲಿ ಹಾಕಿದಳು. ಸೇಸಮ್ಮ ಮಡಿಲ ಮೊರವನ್ನು ಪಕ್ಕಕ್ಕಿಟ್ಟು ಕೇಳಿದರು. ನಾಲ್ಕು ಸಾಲಿಗೆ ಕೈಯೆತ್ತಿ ನಿಲ್ಲಿಸಿದರು.

"ಸ್ವರ ಚಂದ ಉಂಟು ಮಗಾ. ಆದ್ರೆ ಇದರಲ್ಲಿ ಹಿಂದೆ ಹೋಗ್ಲಿಕ್ಕೆ ಜಾಗವೇ ಇಲ್ಲವಲ್ಲ. ಕಾಲು ಯಾವಾಗ ಎತ್ತುವುದು?"

ಇಬ್ಬರಿಗೂ ಅರ್ಥವಾಗಲಿಲ್ಲ. ಸೇಸಮ್ಮ ಎದ್ದು, ಸೊಂಟ ಬಗ್ಗಿಸಿ, ಅಂಗಳದಲ್ಲೇ ತೋರಿಸಿದರು. ಸಾಲಾಗಿ ಬಗ್ಗಿ ನಿಂತವರು ನೇಜಿಯ ಸಸಿ ನೆಡುತ್ತ ಹಿಂದಕ್ಕೆ ಸರಿಯುತ್ತಾರೆ. ಒಬ್ಬಳು ಸಾಲು ಹೇಳುತ್ತಾಳೆ, ಉಳಿದವರು ಅದನ್ನೇ ಮರಳಿ ಹಾಡುತ್ತಾರೆ, ಹಾಡಿ ಮುಗಿದ ಕ್ಷಣದಲ್ಲಿ ಎಲ್ಲರೂ ಒಟ್ಟಿಗೆ ಕೆಸರಿನಿಂದ ಕಾಲು ಕಿತ್ತು ಹಿಂದಕ್ಕೆ ಒಂದು ಹೆಜ್ಜೆ ಇಡುತ್ತಾರೆ. ಆ ಹೆಜ್ಜೆಗೆ ಬೇಕಾದಷ್ಟು ಹೊತ್ತು ಹಾಡು ಕಾಯಬೇಕು.

ವಿಸ್ಮಿತಾ ಫೋನಿನಲ್ಲೇ ಇದ್ದ ಅದೇ ಹಾಡಿನ ಹಳೆಯ ಅಭ್ಯಾಸದ ರೆಕಾರ್ಡಿಂಗನ್ನು, ವಸಂತ ಬಾರಿಸಿದ್ದನ್ನು, ಹುಡುಕಿ ಹಾಕಿದಳು. ಸಾಲಿನ ತುದಿಯಲ್ಲಿ ಅವನ ಕೈ ತಡೆಯಿತು. ಮುದುಕಿಯ ಬಲಗಾಲು ತಾನಾಗಿ ಹಿಂದಕ್ಕೆ ಸರಿಯಿತು.

"ಇದು ಯಾರು ಬಡಿದದ್ದು?" ಎಂದರು ಸೇಸಮ್ಮ. "ಗದ್ದೆಗೆ ಇಳಿದ ಜನ."

ಅಲ್ಲಿಂದ ವಸಂತನ ಮನೆ ಎರಡು ಮೈಲು. ಬಸ್ಸಿಗೆ ಕಾಯದೆ ನಡೆದೇ ಹೋದರು. ದಾರಿಯುದ್ದಕ್ಕೂ ನಿಝಾರ್ ಒಂದು ತಮಾಷೆಯನ್ನೂ ಮಾಡಲಿಲ್ಲ. ವಸಂತ ಉತ್ತರಪತ್ರಿಕೆ ತಿದ್ದುತ್ತಿದ್ದವನು ಎದ್ದು ಕುರ್ಚಿ ಎಳೆದು ಹಾಕಿದ. ನಡೆದದ್ದನ್ನೆಲ್ಲ ವಿಸ್ಮಿತಾ ಒಂದೇ ಉಸಿರಿಗೆ ಹೇಳಿದಳು, ತಪ್ಪಾಯಿತು ಎಂದೂ ಹೇಳಿದಳು.

ವಸಂತ ಕೆಂಪು ಪೆನ್ನಿನ ಮುಚ್ಚಳ ಹಾಕಿದ. "ಕಾಲೇಜು ಮುಗಿಯುವವರೆಗೂ ಅಮ್ಮನ ಸಾಲಿನ ಕೊನೆಯಲ್ಲಿ ನಾನೂ ನೆಡ್ತಿದ್ದೆ. ಹಾಗೆ ಕೈಗೆ ಹತ್ತಿರ್ಬೇಕು. ನನಗೇ ಗೊತ್ತಿಲ್ಲ ನೋಡು."

"ಎಲ್ಲ ಹಾಡನ್ನೂ ನೀನೇ ಮತ್ತೆ ಬಾರಿಸ್ಬೇಕು," ಎಂದ ನಿಝಾರ್.

"ಇಲ್ಲ ಮಾರಾಯ. ಆ ಒಂದು ಹಾಡಿನಲ್ಲಿ ನಾನು ಸರಿ. ಉಳಿದ ಎಂಟರಲ್ಲಿ ರೆಕಾರ್ಡಿಂಗಿನವರು ಹೇಳಿದ್ದೇ ಸರಿ. ನೀನು ಬರೆದ ಬಸ್ಸಿನ ಹಾಡಿಗೂ ನಾನು ಹಿಂದೆ ಕಾಲಿಟ್ಟರೆ ಬಸ್ಸು ಸಿಕ್ಕುವುದು ಹೇಗೆ? ಅದನ್ನು ನಾನು ಕಲೀಬೇಕು. ಮೂರು ತಿಂಗಳು ಕೊಡ್ತೀರಾ?"

ಮೆಚ್ಚುಗೆ ತಾನಾಗಿ ಬಂದು ತಲೆಯ ಮೇಲೆ ಕುಳಿತ ಗಳಿಗೆಯಲ್ಲೂ ತನ್ನ ಪಾಲಿಗೆ ಬಂದದ್ದೆಷ್ಟು ಎಂದು ನೋಡಿ ಅಷ್ಟನ್ನೇ ತೆಗೆದುಕೊಂಡ ಮನುಷ್ಯನನ್ನು ವಿಸ್ಮಿತಾ ಅಲ್ಲಿಯವರೆಗೆ ಕಂಡಿರಲಿಲ್ಲ. ಮೂರು ತಿಂಗಳು ಎಂದದ್ದು ಐದಾಯಿತು. ಆಲ್ಬಮ್ ಕಾಯಿತು, ರೆಕಾರ್ಡಿಂಗಿನವರು ಗೊಣಗುತ್ತ ಕಾದರು. ದಿನಾ ಶಾಲೆ ಬಿಟ್ಟ ಮೇಲೆ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಮರದ ಮಣೆಯ ಮೇಲೆ ಬಡಿದು ಬಡಿದು ಎಂಟು ಹಾಡುಗಳನ್ನು ಅವನು ವಶಪಡಿಸಿಕೊಂಡ. ಒಂಬತ್ತನೆಯದಕ್ಕೆ ಮಾತ್ರ ಯಾರ ಕಿವಿಗೂ ಯಂತ್ರ ಬೇಡವೆಂದು ಹೇಳಿ ನಾಲ್ವರೂ ಒಂದೇ ಕೋಣೆಯಲ್ಲಿ ಕುಳಿತರು. ಮೂವರ ಕಣ್ಣೂ ಅವನ ಕೈಯ ಮೇಲೆ. ಅವನು ತಡೆದಲ್ಲಿ ವಿಸ್ಮಿತಾ ತಡೆದಳು, ಮತ್ತು ಆರು ವರ್ಷ ಹಾಡಿದ್ದ ಹಾಡಿನೊಳಗೆ ಉಸಿರು ತೆಗೆದುಕೊಳ್ಳುವ ಸ್ಥಳವೊಂದಿತ್ತೆಂದು ಅವಳಿಗೆ ಅಂದು ಗೊತ್ತಾಯಿತು.

ಸ್ನೇಹಿತರ ಗುಂಪೆಂದರೆ ಅದರಲ್ಲಿ ಇಂಥವರು ಒಬ್ಬರಾದರೂ ಇರುತ್ತಾರೆ. ಮುಂದೆ ಓಡುವವರಿಗೆ ಅವರು ನಿಧಾನಸ್ಥರಾಗಿ ಕಾಣುತ್ತಾರೆ, ತಮಾಷೆಗೆ ಒದಗುತ್ತಾರೆ, ಅವಸರ ಬಿದ್ದಾಗ ಮೊದಲು ಕೈಬಿಡಬೇಕೆನಿಸುವುದೂ ಅವರನ್ನೇ. ಅವರ ಮನಸ್ಸಿನಲ್ಲಿ ದೂರೇ ಇರುವುದಿಲ್ಲವಾದ್ದರಿಂದ ಕ್ಷಮೆ ಕೇಳಲು ಹೋದವರಿಗೆ ಕ್ಷಮೆಯೂ ಸಿಗುವುದಿಲ್ಲ, ಕುಳಿತುಕೊಳ್ಳಲು ಕುರ್ಚಿ ಸಿಗುತ್ತದೆ. ಅಷ್ಟು ಸಿಕ್ಕಿದ್ದಕ್ಕೆ ಬಾಳಿಡೀ ಕೃತಜ್ಞರಾಗಿರಬೇಕಲ್ಲದೆ ಬೇರೆ ದಾರಿಯಿಲ್ಲ. ಅವರನ್ನು ಬಿಟ್ಟುಕೊಡಲು ಒಮ್ಮೆ ನಾವು ಒಪ್ಪಿದ್ದೆವು ಎಂಬುದನ್ನು ಅವರು ಮರೆತಿರುತ್ತಾರೆ. ನಾವು ಮರೆಯಬಾರದು.