ಸಾವ್ಕಾರರ ದೂರು

“ಸವಟು ಬಿಟ್ಟಿ ಅಂದ್ರ ತಳ ಹತ್ತತೈತಿ, ಬಿದ್ದಾಡಿ. ನೀ ಕೈ ಆಡ್ಸು, ನಾ ಪಾಕ ನೋಡ್ತೇನಿ.”

ಹೀಗೆಂದ ಸಾವ್ಕಾರ ಅಂದಾನಪ್ಪನ ಕೈ ಶಿವಗಂಗಾಳ ಸೊಂಟದ ಮೇಲಿತ್ತು. ಅಮೀನಗಡದ ನಮ್ಮ ಕರದಂಟಿನ ಭಟ್ಟಿಯಲ್ಲಿ ಬೆಲ್ಲ ಕುದಿಯುವಾಗ ಎರಡೂ ಕೈ ಸವಟಿನ ಮೇಲೇ ಇರಬೇಕು. ಅವನು ಸರಿಯಾಗಿ ಆಗಲೇ ಬರುತ್ತಿದ್ದ. ಪಾಕ ಕೆಟ್ಟರೆ ಮರುದಿನ ಕೆಲಸವಿಲ್ಲ. ‘ಸಾವ್ಕಾರ್ರು ಪಾಕ ನೋಡೋದು’ ಎಂದೇ ನಾವು ಹೆಂಗಸರು ಅದಕ್ಕೆ ಹೆಸರಿಟ್ಟು ತಲೆ ತಗ್ಗಿಸಿಕೊಂಡಿದ್ದೆವು. ಹಾಳಾದ್ದು, ಬೇರೆ ಹೆಸರಿದೆ ಎಂದು ಯಾರಿಗೆ ಗೊತ್ತಿತ್ತು?

ಒಂದು ದಿನ ಕಾನೂನು ತಿಳಿಸಲೆಂದು ಬಾಗಲಕೋಟೆಯಿಂದ ಸರಕಾರಿ ಮೇಡಂ ಒಬ್ಬರು ಬ್ಯಾನರ್ ಸಮೇತ ಬಂದರು. ಬೇಡವೆಂದರೂ ಮೈ ಮುಟ್ಟುವುದು ಕಿರುಕುಳ ಎಂದು ಓದಿ ಹೇಳಿದರು. ಕಾನೂನಿನಂತೆ ಭಟ್ಟಿಯಲ್ಲೇ ಇರಬೇಕಾದ ದೂರು ಕೇಳುವ ಸಮಿತಿಗೆ ಸಾವ್ಕಾರನ ಹೆಂಡತಿ ಇಂದ್ರಾಬಾಯಿ ಅಧ್ಯಕ್ಷೆ. ಆಕೆಗೆ ಮೊಣಕಾಲು ನೋವಂತೆ. ಆಕೆಯ ಕುರ್ಚಿಯಲ್ಲಿ ಸಾವ್ಕಾರನೇ ಕುಳಿತಿದ್ದ. ಬೇಲಿಯೇ ಎದ್ದು ಹೊಲ ಮೇಯ್ದರೆ ವಿಚಾರಣೆಗೂ ಬೇಲಿಯೇ ಬೇಕಲ್ಲ.

“ಇಲ್ಲಿ ಅಂಥಾದ್ದೇನರ ನಡೀತೈತೇನ್ರಿ?”

“ಇವರೆಲ್ಲಾ ನನ್ನ ಮಕ್ಕಳಿದ್ದಂಗ್ರಿ ಮೇಡಂ,” ಎಂದ ಸಾವ್ಕಾರ.



ಹಾಗಾದರೆ ನಾಟಕ ಮಾಡಿ ತೋರಿಸೋಣ ಎಂದರು ಮೇಡಂ. ಮೇಡಂ ಫೋಟೊ ತೆಗೆಯುತ್ತಾರೆಂಬ ಆಸೆಗೆ ಹೆಣ್ಣಾಳಿನ ಪಾರ್ಟನ್ನು ಸಾವ್ಕಾರನೇ ಕೇಳಿ ಪಡೆದ. ತಲೆಗೆ ಟವೆಲ್ ಹೊದ್ದು, ಕುದಿಯುವ ಕಡಾಯಿಯ ಮುಂದೆ ಸವಟು ಹಿಡಿದು ನಿಂತ. ಸಾವ್ಕಾರನ ಪಾತ್ರಕ್ಕೆ ನಮ್ಮಲ್ಲಿನ ಮುದುಕಿ ಬಾಳವ್ವ ಎದ್ದಳು. ಹಿಂದಿನಿಂದ ಹೋಗಿ ಅವನ ಸೊಂಟ ಹಿಡಿದಳು.

“ಏ ಬಾಳವ್ವ, ಸಾಕು. ಕೈ ತಗಿ.”

“ಸವಟು ಬಿಡಬ್ಯಾಡ ತಂಗಿ, ತಳ ಹತ್ತತೈತಿ. ನಾ ಪಾಕ ನೋಡಾಕತ್ತೇನಿ.”

“ಬ್ಯಾಡ ಅಂದ್ರ ತಿಳಿಯಂಗಿಲ್ಲನ, ರಂಡಿ?”

“ನೀ ನನ್ನ ಮಗಳಿದ್ದಂಗ.”

ಸಾವ್ಕಾರ ಸವಟು ಎಸೆದು ಕುರ್ಚಿಗೆ ಹೋಗಿ ಕುಳಿತ. “ಇದು ಕಿರುಕುಳ. ಬರಕೋರಿ ಮೇಡಂ. ಈಕಿನ್ನ ಕೆಲಸದಿಂದ ತಗದೇನಿ.”

ಮೇಡಂ ಬರೆದುಕೊಂಡರು. ನಮ್ಮ ಭಟ್ಟಿಯ ಮೊದಲ ದೂರು ಹೀಗೆ ಸಾವ್ಕಾರನದೇ ಆಯಿತು. ತೀರ್ಪು ಕೊಟ್ಟವನೂ ಅವನೇ.

ಶಿವಗಂಗಾ ಎದ್ದು ನಿಂತಳು. “ನಂದೂ ಬರಕೋರಿ ಮೇಡಂ. ಈಗ ಇವರಿಗೆ ಆತಲ್ಲ, ಅದು ನನಗ ದಿನಾ ಆಗತೈತಿ.”

“ನನಗೂ,” ಎಂದೆ. ನನ್ನ ಹಿಂದೆ ಇನ್ನೂ ನಾಲ್ಕಾರು ದನಿ ಎದ್ದವು.

ಮೇಡಂ ಪೆನ್ನು ಮುಚ್ಚಿದರು. “ಅಧ್ಯಕ್ಷರಿಗೆ ಹೇಳ್ರಿ,” ಎಂದು ಕುರ್ಚಿಯ ಕಡೆ ಕೈ ತೋರಿಸಿದರು.

ಕಡಾಯಿಯಿಂದ ಕರಿ ಹೊಗೆ ಏಳುತ್ತಿತ್ತು.

“ಯಾರರ ಕೈ ಆಡಸ್ರೆ, ಬೋಸಡ್ಯಾರಾ,” ಸಾವ್ಕಾರ ಒದರಿದ.

ಬಾಳವ್ವ ಸೆರಗು ಕೊಡವಿ ಬಂದು ನಮ್ಮ ನಡುವೆ ಕುಳಿತಳು. ಶಿವಗಂಗಾಳೂ ಕುಳಿತಳು. ಮೇಡಂ ಕೆಮ್ಮುತ್ತ ಬ್ಯಾನರ್ ಸುತ್ತಿಕೊಂಡು ಹೊರಗೋಡಿದರು. ಟವೆಲ್ ಹೊದ್ದ ತಲೆಯಲ್ಲೇ ಸಾವ್ಕಾರ ಹೊಗೆಯೊಳಗೆ ಸವಟು ಹುಡುಕತೊಡಗಿದ. ಅದು ನನ್ನ ಕಾಲ ಬಳಿಯೇ ಬಿದ್ದಿತ್ತು. ನಾಳೆ ಕೆಲಸವಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಒಬ್ಬಳೂ ಏಳಲಿಲ್ಲ.