ಭೂಮಿ ಹುಣ್ಣಿಮೆಯ ಗುಂಡಿ

ಜೆಸಿಬಿಯ ಬಕೆಟ್ಟಿನ ಹಲ್ಲುಗಳ ನಡುವೆ ಒಂದು ಭತ್ತದ ಸಸಿ ಸಿಕ್ಕಿಕೊಂಡು ತೂಗಾಡುತ್ತಿದೆ, ಹೊಡೆ ತುಂಬಿದ್ದು, ತೆನೆ ಇನ್ನೂ ಹೊಟ್ಟೆಯಲ್ಲೇ ಇದೆ, ಉದುರಬಾರದೇ ಹಾಳಾದ್ದು, ಗುತ್ಯಪ್ಪ ಲಿವರ್ ಅಲುಗಿಸಿದ, ಉದುರಲಿಲ್ಲ — ಬೆಳಿಗ್ಗೆ ಹೆಂಡತಿ ಶೇಷಮ್ಮ ಬಾಗಿಲಿಗೆ ಅಡ್ಡ ನಿಂತು ಹೇಳಿದ್ದಳಲ್ಲ, ಇವತ್ತೊಂದಿನ ನೆಲಕ್ಕೆ ಹಲ್ಲು ಹಾಕ್ಬೇಡಿ, ಭೂಮಿ ಹುಣ್ಣಿಮೆ, ಭೂಮ್ತಾಯಿ ಬಸುರಿ, ಬಯಕೆ ಊಟ ಉಣ್ಣೋ ದಿನ ಅವಳ ಹೊಟ್ಟೆ ಬಗೀತೀರಾ — ಬಗೆಯುತ್ತೇನೆ, ಏನು ಮಾಡಲಿ, ಮಾತು ಕೊಟ್ಟಾಗಿದೆ, ಆ ಸಿದ್ಧಲಿಂಗೇಶನಿಗೆ ಒಂದು ದಿನವೂ ತಡೆಯಲಾಗದಂತೆ, ಲೋಕ ಮುಳುಗುತ್ತದಂತೆ, ಶಿಕಾರಿಪುರದ ಅಂಗಡಿ ಮನೆತನದವನು, ಯಂತ್ರಕ್ಕೆ ಬುದ್ಧಿ ಕಲಿಸುವ ಕಂಪನಿಯ ಒಡೆಯ, ಇವನೇ ಅಲ್ಲವೇ ಚಂದ್ರಗುತ್ತಿ ದೇವಿಯ ಬೆಟ್ಟ ನೋಡಿ ನಕ್ಕವನು, ದೇವರೆಲ್ಲ ಹೆದರೋರಿಗೆ ಕಣ್ರಿ ಅಂದವನು, ಈಗ ಲೋಕ ಮುಗಿಯುವ ದಿನ ಹೇಳುವ ಬೈಬಲ್ಲಿನ ಕೊನೆಯ ಪುಟಗಳನ್ನು ಫೋನಿನಲ್ಲಿಟ್ಟುಕೊಂಡು ತಿರುಗುತ್ತಾನೆ, ಕೊನೆಗಾಲಕ್ಕೆ ಕ್ರಿಸ್ತವಿರೋಧಿ ಅನ್ನೋ ಮೋಸಗಾರ ಬರ್ತಾನ್ರಿ, ಶಾಂತಿ ಶಾಂತಿ ಅಂತಾನೇ ಬರ್ತಾನೆ, ಈ ಬುದ್ಧಿ ಕಲಿಯೋ ಯಂತ್ರ ನಿಲ್ಲಿಸಿ ಅನ್ನೋರೆಲ್ಲ ಅವನ ಕಡೆಯೋರು, ಅಮೆರಿಕದ ದೊಡ್ಡ ದೊಡ್ಡ ಕಂಪನಿಯೋರೆಲ್ಲ ಇದನ್ನೇ ಓದ್ತಿದಾರೆ — ಓದಲಿ, ಸೊರಬದ ನರ್ಸ್ ಮೇರಿಯಮ್ಮ ಹುಟ್ಟಿದಾಗಿನಿಂದ ಚರ್ಚಿಗೆ ಹೋಗುತ್ತಾಳೆ, ಒಂದು ಗುಂಡಿಯನ್ನಾದರೂ ತೋಡಿಸಿದಳೇ, ಆ ದಿನ ಯಾವಾಗಂತ ದೇವ್ರಿಗೊಬ್ನಿಗೇ ಗೊತ್ತು ಗುತ್ಯಪ್ಪ, ನೀನು ಮೊದ್ಲು ಬೀಡಿ ಬಿಡು ಅಂದಳು, ಅದು ಧರ್ಮ, ಇದೇನು, ಹೊಸಬಾಳೆಯ ಗದ್ದೆಯಡಿ ಅಡಗಿ ಕೂರಲು ಕಾಂಕ್ರೀಟ್ ಮನೆ, ಮೇಲೆ ಕಬ್ಬಿಣದ ಬಾಗಿಲು, ಒಳಗೆ ಹನ್ನೆರಡು ಮಂದಿಗೆ ಜಾಗ, ನಿಮಗೂ ಒಂದಿಟ್ಟೀನ್ರಿ, ಯಂತ್ರ ಗೊತ್ತಿರೋರು ಬೇಕಲ್ಲ ಅಂತ ಸಿದ್ಧಲಿಂಗೇಶ ಅಂದಾಗ, ನಾಚಿಕೆಗೇಡು, ಗುತ್ಯಪ್ಪನ ಎದೆ ಒಂದು ಗಳಿಗೆ ಉಬ್ಬಿತ್ತು, ಮತ್ತೆ ನಮ್ಮ ಶೇಷಮ್ಮ ಅಂತ ಕೇಳಿದ, ಜಾಗ ಇಲ್ರಿ, ಅಂದ ಆತ, ಫೋನಿನಿಂದ ತಲೆ ಎತ್ತದೆ — ಶೇಷಮ್ಮನಿಗೆ ಜಾಗ ಇಲ್ಲ, ಅವಳ ತವರಿನ ಗದ್ದೆ ಇದು, ಅಣ್ಣ ಬೆಳೆ ಸಮೇತ ಮಾರುವ ತನಕ ವರ್ಷ ವರ್ಷ ಇಲ್ಲೇ ನೆಲಕ್ಕೆ ಅನ್ನದ ಚರಗ ಚೆಲ್ಲಿದವಳು, ನಾಳೆ ಆ ಬಾಗಿಲು ಹಾಕಿಕೊಂಡ ಮೇಲೆ ಅವಳು ಮೇಲೆ ನಿಂತು ಬಡಿಯಬೇಕು, ತಾನು ಕೆಳಗೆ ಇವರ ಜನರೇಟರ್ ತಿರುಗಿಸುತ್ತ ಕೂರಬೇಕು, ಥೂ — ಹಾರ್ನ್, ಕಾರಿನಿಂದ ಸಿದ್ಧಲಿಂಗೇಶ ಕೈ ಬೀಸುತ್ತಿದ್ದಾನೆ, ಯಾಕ್ ನಿಲ್ಸಿದ್ರಿ, ನಡೀಲಿ ನಡೀಲಿ, ಬದುವಿನ ಮೇಲೆ ಯಾರದು, ಕೆಮ್ಮಣ್ಣು ಬಳಿದು ಚಿತ್ತಾರ ಬರೆದ ಬಯಕೆ ಊಟದ ಬುಟ್ಟಿ ತಲೆಯ ಮೇಲೆ, ಬರಬೇಡ ಅಂದರೂ ಬಂದೇ ಬಿಟ್ಟಳಲ್ಲ ಶೇಷಮ್ಮ, ಗುಂಡಿಯ ಅಂಚಿಗೆ ಬಂದು ನಿಂತಳು, ಬೈಯಲಿಲ್ಲ, ಬೈದಿದ್ದರೆ ತಾನೂ ಬೈಯಬಹುದಿತ್ತು, ಬುಟ್ಟಿ ಇಳಿಸಿದಳು, ಅತ್ತಿತ್ತ ನೋಡಿದಳು, ಎಲ್ಲಿ ಬಡಿಸ್ಲಿ ಹೇಳಿ, ಅಂದಳು — ಕೈ ಲಿವರಿನ ಮೇಲಿದೆ, ಹಾರ್ನ್, ಮತ್ತೆ ಹಾರ್ನ್, ಬಕೆಟ್ಟು ಎತ್ತಿದಲ್ಲೇ ನಿಂತಿದೆ, ಹಲ್ಲುಗಳ ನಡುವೆ ಆ ಸಸಿ, ತೆನೆ ಇನ್ನೂ ಹೊಟ್ಟೆಯಲ್ಲೇ